ದೇವರ ಜಗಲಿಯ ಮೇಲಿನ ಅಡಕೆ

ಮರ್ಸರ್ ಐಲ್ಯಾಂಡ್
೨ ಮಾರ್ಚ್ ೨೦೨೫

ಚಿರಂಜೀವಿ ಗೌರಾದೇವಿಗೆ ವೀರಣ್ಣ ಕಾಕನ ಆಶೀರ್ವಾದ.

ಅಮೀನಗಡದ ಬಸ್‌ಸ್ಟ್ಯಾಂಡಿಗೆ ನನ್ನನ್ನು ಕಳಿಸಲು ಬಂದವರು "ಈ ಮುದುಕ ಹಾದ್ಯಾಗ ಕಳದು ಹೊಕ್ಕಾನ" ಎಂದು ನಕ್ಕದ್ದು ನನ್ನ ಕಿವಿಗೆ ಬಿದ್ದಿದೆ. ಅವರಿಗೆಲ್ಲ ತಿಳಿಸು, ಕಳೆದುಹೋಗಿಲ್ಲ. ನಡುವೆ ವಿಮಾನ ಬದಲಿಸುವಾಗ ಒಬ್ಬ ಪಂಜಾಬಿ ಮುದುಕಿಗೆ ದಾರಿ ತೋರಿಸಿದವನೂ ನಾನೇ. ಅವಳು ನನ್ನ ಹಿಂದೆ ಬಂದು ತಪ್ಪು ಬಾಗಿಲು ಮುಟ್ಟಿದ್ದು ಬೇರೆ ಮಾತು.

ಫೋನು ಹಚ್ಚಬಾರದೇ ಎನ್ನುತ್ತೀ. ಫೋನಿನಲ್ಲಿ ನನ್ನ ಅಕ್ಷರ ಕಾಣುವುದಿಲ್ಲ. ಏಳನೆಯ ಇಯತ್ತೆಯಲ್ಲಿ ನಮ್ಮ ಮಾಸ್ತರರು ನನ್ನ ಕಾಪಿಪುಸ್ತಕವನ್ನು ಸುತ್ತಲಿನ ಸಾಲೆಗಳಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಅಲ್ಲಿಂದ ಮುಂದೆ ನಾನು ಕಲಿಯಲಿಲ್ಲ, ಕಲಿಯುವುದು ಉಳಿದಿರಲಿಲ್ಲ. ಅದಲ್ಲದೆ ಇಲ್ಲಿ ಫೋನನ್ನು ಶಶಿಕಾಂತನ ಹೆಂಡತಿ ಸ್ವಪ್ನಾ ಹಚ್ಚಿಕೊಡಬೇಕು, ಹಚ್ಚಿಕೊಟ್ಟವಳು ಪಕ್ಕದಲ್ಲೇ ನಿಲ್ಲುತ್ತಾಳೆ. ಪತ್ರವಾದರೆ ಮನೆ ಮುಂದಿನ ಡಬ್ಬಿಯಲ್ಲಿಟ್ಟು ಅದರ ಕೆಂಪು ಕಿವಿ ಮೇಲೆತ್ತಿದರೆ ಸಾಕು, ಅಂಚೆಯವನೇ ಬಂದು ಒಯ್ಯುತ್ತಾನೆ.

ನನ್ನ ಅಕ್ಕನ ಮಗ ಶಶಿಕಾಂತನ ಮನೆಯನ್ನು ನೀನು ನೋಡಬೇಕಿತ್ತು. ಸರೋವರದ ನಡುವಿನ ನಡುಗಡ್ಡೆ. ಅಲ್ಲಿಗೆ ಬರುವ ಸೇತುವೆಗೆ ಕೆಳಗೆ ಕಂಬಗಳಿಲ್ಲ, ನೀರಿನ ಮೇಲೆ ತೇಲುತ್ತದೆ. ದಕ್ಷಿಣಕ್ಕೆ ಒಂದು ಹಿಮದ ಪರ್ವತವಿದೆ. ಯಾವಾಗಲೂ ಮೋಡದಲ್ಲಿ ಮುಚ್ಚಿರುತ್ತದಂತೆ, ಅದು ಕಂಡ ದಿನ ಊರಿನವರೆಲ್ಲ "ಇವತ್ತು ಪರ್ವತ ಹೊರಗೆ ಬಂದಿದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ನಾನು ಬಂದ ದಿನವೇ ಹೊರಗೆ ಬಂತು. ನಮ್ಮ ಹೊಲದ ಬದುವಿನಾಚೆ ನಿಂತಂತೆ ಕಂಡಿತು.

ಇನ್ನು ನಿನಗೆ ಬೇಕಾದ ಸುದ್ದಿ. ನಿನ್ನ ಗಂಡ ಈರಬಸಪ್ಪನನ್ನು ಬಂದ ಮರುದಿನವೇ ನೋಡಿದೆ. ಕೆಂಪಗೆ, ದುಂಡಗೆ ಆಗಿದ್ದಾನೆ. ಶಶಿಕಾಂತನ ಸಿಹಿತಿಂಡಿ ಕಾರ್ಖಾನೆಯಲ್ಲಿ ಅವನು ಮಾಡಿದ ಕರದಂಟು ಇಲ್ಲಿಯ ಅಂಗಡಿಗಳಲ್ಲಿ ಗಾಜಿನ ಕಪಾಟು ಏರಿದೆ. ಶಶಿಕಾಂತ ಅವನನ್ನು ಮನೆಯ ಮಗನಂತೆ ಇಟ್ಟುಕೊಂಡಿದ್ದಾನೆ.

ಇಟ್ಟುಕೊಳ್ಳದೆ ಏನು ಮಾಡುತ್ತಾನೆ? ವೀಳ್ಯ ಹಿಡಿಸಿದವನು ಯಾರು? ಗುಡಿಯ ಕಟ್ಟೆಯ ಮೇಲೆ ಐವರು ಹಿರಿಯರ ನಡುವೆ ಕುಳಿತು ನಾನೇ ಹಿಡಿಸಿದೆ. ಮೂರು ಯುಗಾದಿ ದಾಟುವ ತನಕ ಈರಬಸಪ್ಪ ಶಶಿಕಾಂತನ ಕೆಲಸ ಬಿಡಕೂಡದು, ಶಶಿಕಾಂತ ಅವನನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಅದಕ್ಕೆ ನಾನು ಹೊಣೆ ಎಂದು. ಎಲೆಯನ್ನು ಈರಬಸಪ್ಪ ಅಲ್ಲೇ ಜಗಿದ, ಅಡಕೆ ನಿಮ್ಮ ದೇವರ ಜಗಲಿ ಏರಿತು. ಮಾತು ತೀರುವ ತನಕ ಅದು ಅಲ್ಲಿಂದ ಇಳಿಯುವಂತಿಲ್ಲ. ಮದುವೆ, ಹೊಲ, ಎತ್ತು, ಅಣ್ಣತಮ್ಮಂದಿರ ಪಾಲು, ಯಾವುದರಲ್ಲೂ ನಾನು ಹಿಡಿಸಿದ ವೀಳ್ಯ ಇಂದಿನವರೆಗೆ ಹಿಂದಕ್ಕೆ ಬಂದಿಲ್ಲ. ಚಿಂತೆ ಬಿಡು.

ನಿಮ್ಮೂರಿನ ನಡುವೆ ಕೂಡುವ ಹಿರಿಯ, ಸದ್ಯ ಅಮೆರಿಕಾವಾಸಿ,
ವೀರಣ್ಣ


ಅಮೀನಗಡ
೧೯ ಮಾರ್ಚ್ ೨೦೨೫

ವೀರಣ್ಣ ಕಾಕನವರಿಗೆ ಗೌರಾದೇವಿಯ ಶರಣು.

ನಿಮ್ಮ ಪತ್ರವನ್ನು ಓಣಿಯವರೆಲ್ಲ ಓದಿದರು. ಅಕ್ಷರ ಚಂದ ಇದೆ ಎಂದರು. ನೀವು ಮುಟ್ಟಿದ್ದು ಕೇಳಿ ಸಮಾಧಾನವಾಯಿತು.

ಕಾಕಾ, ಒಂದು ಮಾತು. ಇವರು ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಫೋನು ಶಶಿಕಾಂತ ಅವರದು, ಅವರು ಅಲ್ಲೇ ಇರುತ್ತಾರೆ, ನಡುನಡುವೆ ನನಗೂ ನಮಸ್ಕಾರ ಹೇಳುತ್ತಾರೆ. ಇವರು ಎಲ್ಲಾ ಆರಾಮ ಎನ್ನುತ್ತಾರೆ. ಎಮ್ಮೆ ಈದಿದೆ, ಹೆಣ್ಣುಗರು ಎಂದೆ. ಒಳ್ಳೇದಾತು ಎಂದರು. ಮಾಳಿಗೆ ಸೋರುತ್ತಿದೆ ಎಂದೆ. ನೋಡೋಣಂತ ಎಂದರು. ಮಗಳು ವೈಶಾಲಿಯನ್ನು ಕೇಳಿಕೊಂಡು ಬಾದಾಮಿ ಕಡೆಯವರು ಬಂದು ಹೋದರು ಎಂದೆ. ಛಲೋ ಆತು ಎಂದರು.

ಲಗ್ನವಾಗಿ ಬಂದಾಗಿನಿಂದ ಈ ಮನುಷ್ಯ ನನ್ನನ್ನು ಬೈಯದೆ ಒಂದು ಮಾತು ಮುಗಿಸಿದವರಲ್ಲ. ಅದು ಸಿಟ್ಟಲ್ಲ, ಅವರ ಮಾತಿನ ರೀತಿಯೇ ಅದು. ನಾನೂ ಬಿಡುವವಳಲ್ಲ. ಈಗ ಎರಡು ವರ್ಷಕ್ಕೆ ಬಂತು, ಒಂದು ಬೈಗುಳ ಬಂದಿಲ್ಲ. ಇಷ್ಟು ಮರ್ಯಾದೆಯಿಂದ ನನ್ನ ಗಂಡ ಮಾತಾಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ.

ನೀವು ಹೇಗೂ ಅವರನ್ನು ಕಾಣುತ್ತೀರಿ. ಶಶಿಕಾಂತ ಅವರು ಇಲ್ಲದಾಗ ನನ್ನ ಹೆಸರು ಹೇಳಿ, ಒಂದು ಸಲ ಬೈಯಲು ಹೇಳಿರಿ. ಏನು ಬೈದರೋ ಅದನ್ನೇ ಬರೆದು ಕಳಿಸಿರಿ. ಇದು ಹುಚ್ಚುತನ ಅನ್ನಿಸಿದರೂ ಬರೆಯಿರಿ.

ನಿಮ್ಮ ಮಗಳಂಥವಳು,
ಗೌರಾದೇವಿ


ಮರ್ಸರ್ ಐಲ್ಯಾಂಡ್
೫ ಏಪ್ರಿಲ್ ೨೦೨೫

ಚಿರಂಜೀವಿ ಗೌರಾದೇವಿಗೆ ಆಶೀರ್ವಾದ.

ಗಂಡ ಬೈಯುತ್ತಾನೆಂದು ಅಳುವ ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿ ಸಾಕಷ್ಟು ನ್ಯಾಯ ಬಗೆಹರಿಸಿದ್ದೇನೆ. ಬೈಯುತ್ತಿಲ್ಲ ಎಂದು ದೂರು ಕೊಟ್ಟವಳು ನೀನೊಬ್ಬಳೇ. ಇದನ್ನು ಸ್ವಪ್ನಾಳಿಗೆ ಹೇಳಿದೆ. ಅವಳು ನಗಲಿಲ್ಲ. ಇಲ್ಲಿಯ ಜನಕ್ಕೆ ನಮ್ಮ ಹಾಸ್ಯ ತಿಳಿಯುವುದಿಲ್ಲ.

ಆದರೂ ನಿನ್ನ ಮಾತು ನಡೆಸಿಕೊಟ್ಟಿದ್ದೇನೆ. ಮೊನ್ನೆ ಕಾರ್ಖಾನೆಗೆ ಹೋಗಿದ್ದೆ. ಕ್ಯಾನ್ಯನ್ ಪಾರ್ಕ್ ಎಂಬಲ್ಲಿದೆ, ದೊಡ್ಡ ದೊಡ್ಡ ಆಫೀಸುಗಳ ನಡುವೆ. ಈರಬಸಪ್ಪ ಬಿಳಿಯ ಅಂಗಿ, ಬಿಳಿಯ ಟೊಪ್ಪಿಗೆ ಹಾಕಿಕೊಂಡು ಡಾಕ್ಟರನಂತೆ ನಿಂತಿದ್ದ. ನಿನ್ನ ಹೆಸರು ಹೇಳಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬೈದ. ಬರೆದುಕೋ: "ಆ ಹುಚ್ಚು ಮೂಳಿಗೆ ಹೇಳ್ರಿ ಕಾಕಾ, ಸುಮ್ಮ ಬಾಯಿ ಮುಚಗೊಂಡು ಮನಿ ನೋಡಕೊ ಅಂತ."

ಸಮಾಧಾನವಾಯಿತೇ? ಇನ್ನು ಬಾದಾಮಿಯವರ ವಿಷಯ. ವೈಶಾಲಿಯ ನಿಶ್ಚಯಕ್ಕೆ ನಾನು ಬರುವ ತನಕ ಅವಸರ ಬೇಡ. ನಡುವೆ ನಾನೇ ಕೂಡಬೇಕು. ನಾನು ಹಿಡಿಸಿದ ವೀಳ್ಯವಾದರೆ ಬೀಗರು ಮುಂದೆ ಚಕಾರ ಎತ್ತುವುದಿಲ್ಲ.

ಇಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದೇ ತಿಳಿಯುವುದಿಲ್ಲ, ಹನಿಗಳು ಗಾಳಿಯಲ್ಲೇ ನಿಂತಿರುತ್ತವೆ.

ವೀರಣ್ಣ


ಅಮೀನಗಡ
೨೨ ಏಪ್ರಿಲ್ ೨೦೨೫

ಕಾಕನವರಿಗೆ,

ಬೈಗುಳ ಮುಟ್ಟಿತು. ಅದು ಅವರದಲ್ಲ. ನಿಮ್ಮದು.

ನಿಮ್ಮ ಮನೆಯ ಕಾಕಿಯನ್ನು ನೀವು ಮೂಳಿ ಎನ್ನುತ್ತಿದ್ದಿರಿ, ಆಕೆ ತೀರಿಕೊಳ್ಳುವ ತನಕ. ಇವರು ನನಗೆ ಒಂದು ದಿನವೂ ಆ ಮಾತು ಅಂದವರಲ್ಲ. ಅವರ ಬೈಗುಳಕ್ಕೆ ಒಂದು ಗುರುತಿದೆ. ಅದೇನೆಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ಅದನ್ನೂ ಸೇರಿಸಿ ಬರೆದೀರಿ.

ಹಿಂದಿನ ವಾರ ಫೋನಿನಲ್ಲಿ, ವೀರಣ್ಣ ಕಾಕಾ ಬಂದಿದ್ದರಂತಲ್ಲ ಎಂದು ಕೇಳಿದೆ. ಯಾವಾಗ ಎಂದರು, ಕೂಡಲೇ ಮಾತು ತಿದ್ದಿಕೊಂಡರು. ಹೂಂ ಎಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಕಾಕಾ. ನಿಮಗೋಸ್ಕರ ಹೇಳಿದರು.

ನೀವು ಅವರನ್ನು ನೋಡಿದ್ದೀರಾ?

ಗೌರಾದೇವಿ


ಮರ್ಸರ್ ಐಲ್ಯಾಂಡ್
೧೧ ಮೇ ೨೦೨೫

ಗೌರಾದೇವಿಗೆ,

ನೋಡಿರಲಿಲ್ಲ.

ಈ ಒಂದು ಸಾಲು ಬರೆದು ಮೂರು ದಿನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಈಗ ಮುಂದಿನದನ್ನು ಬರೆಯುತ್ತೇನೆ.

ಬಂದ ದಿನವೇ ಶಶಿಕಾಂತನನ್ನು ಕೇಳಿದೆ, ಈರಬಸಪ್ಪ ಎಲ್ಲಿ ಎಂದು. ಈಗ ಆರ್ಡರ್ ಜಾಸ್ತಿ ಇದಾವೆ ಮಾಮಾ, ಮುಂದಿನ ವಾರ ಎಂದ. ಮುಂದಿನ ವಾರವೂ ಅದನ್ನೇ ಅಂದ. ನಾನೂ ಒತ್ತಾಯ ಮಾಡಲಿಲ್ಲ. ಸೋಫಾ ಮೆತ್ತಗಿತ್ತು, ಟಿವಿ ದೊಡ್ಡದಿತ್ತು, ಸಂಜೆ ಬಂದ ಸ್ನೇಹಿತರಿಗೆಲ್ಲ ಶಶಿಕಾಂತ ನನ್ನನ್ನು "ನಮ್ಮೂರಿನ ಜಡ್ಜ್" ಎಂದು ಪರಿಚಯ ಮಾಡಿಸುತ್ತಿದ್ದ. ಪರ್ವತವನ್ನೂ ನೋಡಿರಲಿಲ್ಲ. ಆ ದಿನ ಬರೀ ಮೋಡ. ನೋಡಿದೆನೆಂದು ಸ್ವಪ್ನಾಳಿಗೂ ಹೇಳಿಬಿಟ್ಟಿದ್ದೆ. ಆಮೇಲೆ ಮೋಡ ಸರಿದ ದಿನ ಎಲ್ಲಿದೆ ತೋರಿಸು ಎಂದು ಯಾರನ್ನು ಕೇಳಲಿ?

ನಿನ್ನ ಪತ್ರ ಬಂದ ಮರುದಿನ, ಸರೋವರದ ದಂಡೆಗೆ ಅಡ್ಡಾಡಲು ಹೋಗುತ್ತೇನೆ ಎಂದು ಸ್ವಪ್ನಾಳಿಗೆ ಹೇಳಿ ಹೊರಟೆ. ಬೆಲ್‌ವ್ಯೂ ತನಕ ಒಂದು ಬಸ್ಸು, ಅಲ್ಲಿಂದ ಕ್ಯಾನ್ಯನ್ ಪಾರ್ಕಿಗೆ ಇನ್ನೊಂದು. ಡ್ರೈವರ್ ಹೆಣ್ಣುಮಗಳು. ಕಾರ್ಖಾನೆಯ ಹೆಸರಿದ್ದ ಸಿಹಿಡಬ್ಬಿಯ ಮುಚ್ಚಳ ತೋರಿಸಿದೆ, ಇಳಿಯುವ ಕಡೆ ಕರೆದು ಇಳಿಸಿದಳು. ಕಟ್ಟಡಗಳೆಲ್ಲ ಒಂದೇ ಅಚ್ಚಿನವು. ಒಂದರಲ್ಲಿ ಔಷಧ ಮಾಡುತ್ತಾರೆ, ಒಂದರಲ್ಲಿ ಕಂಪ್ಯೂಟರು. ಹುಲ್ಲು ಕತ್ತರಿಸಿದ ಅಂಗಳಗಳು, ಮನುಷ್ಯರಿಲ್ಲ. ಕೊನೆಗೆ ನನ್ನನ್ನು ಮುಟ್ಟಿಸಿದ್ದು ಮೂಗು. ತುಪ್ಪದಲ್ಲಿ ಕರದಂಟಿನ ಅಂಟು ಅರಳುವ ವಾಸನೆ ಒಂದು ಹಿಂಬಾಗಿಲಿನಿಂದ ಬರುತ್ತಿತ್ತು.

ಒಳಗೆ ಬೆನ್ನು ಮಾಡಿ ಒಬ್ಬ ನಿಂತಿದ್ದ. ಯಾರೋ ಮುದುಕ ಎಂದುಕೊಂಡು, ಅಪ್ಪಾ, ಇಲ್ಲಿ ಈರಬಸಪ್ಪ ಎಂಬವರು ಎಲ್ಲಿ ಎಂದು ಕೇಳಿದೆ. ಅವನು ತಿರುಗಿದ.

ಗೌರಾದೇವಿ, ನಾನು ಬರೆದ ದುಂಡು ಕೆಂಪು ಮನುಷ್ಯ ಅಲ್ಲಿರಲಿಲ್ಲ. ಅಂಗಿಯೊಳಗೆ ಇನ್ನೊಬ್ಬನಿಗೆ ಜಾಗವಿತ್ತು. ಬಲಗೈಗೆ ಬೆಲ್ಲದ ಪಾಕ ಸಿಡಿದು ಸುಟ್ಟಿದೆ. ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಅದೇ ಕೈಯಲ್ಲಿ ಸೌಟು ತಿರುವುತ್ತಿದ್ದ. ಆಸ್ಪತ್ರೆಗೆ ಹೋದರೆ ಕಾಗದಪತ್ರ ಕೇಳುತ್ತಾರೆ, ನಿನಗೇ ತೊಂದರೆ ಎಂದು ಶಶಿಕಾಂತ ಹೇಳಿದ್ದಾನಂತೆ. ನನ್ನ ಕಾಲು ಮುಟ್ಟಲು ಬಗ್ಗಿದ. ಮುಟ್ಟಿಸಿಕೊಳ್ಳಲು ನನಗೆ ಆಗಲಿಲ್ಲ, ಹಿಂದೆ ಸರಿದೆ. ಅವನು ಅದನ್ನು ಬೇರೆ ಥರ ತಿಳಿದನೋ ಏನೋ, ಕೈ ಮೈಲಿಗೆ ಐತ್ರಿ ಕಾಕಾ, ಎಂದ.

ಇರುವುದು ಕೆನ್ಮೋರಿನಲ್ಲಿ, ಶಶಿಕಾಂತ ಬಾಡಿಗೆಗೆ ಕೊಟ್ಟ ಒಂದು ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ, ಇನ್ನೂ ಮೂವರು ಕೆಲಸಗಾರರ ಜೊತೆ. ಬೆಳಕು ಹರಿಯುವ ಮೊದಲು ವ್ಯಾನು ಕರೆತರುತ್ತದೆ, ಕತ್ತಲಾದ ಮೇಲೆ ಬಿಡುತ್ತದೆ. ರಜೆ ಎಂಬುದು ಇಲ್ಲ. ಮನೆಯೆದುರು ಸರೋವರವಿದೆಯಂತೆ, ಹಗಲಲ್ಲಿ ಅದನ್ನು ಅವನು ನೋಡಿಲ್ಲ. ಸಂಬಳದ ಮಾತು ನಾನು ಎತ್ತಿದೆ, ಅವನು ಮುಖ ಆಚೆ ತಿರುಗಿಸಿದ. ಅವನ ವೀಸಾ ಶಶಿಕಾಂತನ ಕಂಪನಿಯ ಹೆಸರಿಗೆ ಕಟ್ಟಿದ್ದು. ಆ ಕೆಲಸ ಬಿಟ್ಟರೆ ಈ ದೇಶದಲ್ಲಿ ನಿಲ್ಲುವ ಹಕ್ಕು ಹೋಯಿತು, ಪೊಲೀಸರು ಹಿಡಿಯುತ್ತಾರೆ ಎಂದು ಶಶಿಕಾಂತ ಇವನ ತಲೆಗೆ ತುಂಬಿದ್ದಾನೆ. ಪಾಸ್‌ಪೋರ್ಟೂ ಶಶಿಕಾಂತನ ಕೈಯಲ್ಲೇ.

ಬಿಟ್ಟು ಹೋಗಲಿಲ್ಲ ಯಾಕೋ ಎಂದೆ. ಎಂಥ ಪ್ರಶ್ನೆ, ಕೇಳಿದ ಮೇಲೆ ನನಗೇ ತಿಳಿಯಿತು.

"ಪಾಸ್‌ಪೋರ್ಟ ಒಂದ ಆಗಿದ್ರ ಹ್ಯಾಂಗರ ಆಗತಿತ್ರಿ ಕಾಕಾ. ವ್ಯಾನ್ ಹೊಡ್ಯಾಂವ ತಮಿಳಾಂವ, ಛಲೋ ಮನಶ್ಯಾ. ನಮ್ಮಂಥಾವ್ರಿಗೆ ಪುಕ್ಕಟ ಸಲಾ ಹೇಳೋ ವಕೀಲರ ಆಫೀಸ ಐತಿ ಅಂತ ನಂಬರ ಕೊಟ್ಟಾನ. ಇಬ್ಬರು ಹ್ವಾದ್ರು, ಅವ್ರನ್ನ ಯಾವ ಪೊಲೀಸರೂ ಹಿಡೀಲಿಲ್ಲ."

"ಮತ್ತ ನೀ?"

"ನಾ ವೀಳ್ಯೇ ಹಿಡದೀನಲ್ರಿ. ಅಡಕಿ ಜಗಲಿ ಮ್ಯಾಲ ಐತಿ. ನಾ ಮಾತು ಮುರಕೊಂಡು ಬಂದ್ರ, ನಾಳೆ ನಮ್ಮನಿ ವೈಶಾಲಿಗೆ ಯಾರ್ ವೀಳ್ಯೇ ಹಿಡಿತಾರ? ಇನ್ನೊಂದು ಯುಗಾದಿ ಐತಿ. ಹೊಕ್ಕೈತಿ ಬಿಡ್ರಿ."

ಇಷ್ಟನ್ನು ಅವನು ನನ್ನ ಮೇಲಿನ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು.

ನಿನ್ನ ಮಾತು ನೆನಪಾಗಿ, ಗೌರಾದೇವಿಯನ್ನು ಒಮ್ಮೆ ಬೈಯೋ, ಬರೆದು ಕಳಿಸಬೇಕು ಎಂದೆ. ಅವನು ಕಡಾಯಿಯ ಉರಿ ಸಣ್ಣ ಮಾಡಿದ.

"ಬೈಯಾಕ ಮನಿ ಬೇಕ್ರಿ ಕಾಕಾ," ಎಂದ.

ಆಮೇಲೆ ಪಾಕ ಹದಕ್ಕೆ ಬಂತು, ಅವನು ಕೆಲಸಕ್ಕೆ ತಿರುಗಿದ. ನನಗೆ ಒಂದು ತುಂಡು ಕರದಂಟು ಕಟ್ಟಿಕೊಟ್ಟ. ಬಸ್ಸಿನಲ್ಲಿ ಅದನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿ ಚೀಲದಲ್ಲಿಟ್ಟೆ.

ಈ ಪತ್ರವನ್ನು ಮನೆ ಮುಂದಿನ ಡಬ್ಬಿಯಲ್ಲಿ ಇಡುವುದಿಲ್ಲ. ಅಂಚೆ ಕಚೇರಿಗೆ ನಡೆದುಹೋಗಿ ಹಾಕುತ್ತೇನೆ.

ವೀರಣ್ಣ


ಕೆನ್ಮೋರ್
೧ ಜೂನ್ ೨೦೨೫

ಗೌರಾದೇವಿಗೆ,

ಮೇಲಿನ ಊರಿನ ಹೆಸರು ಬದಲಾಗಿದೆ, ನೋಡಿರುತ್ತೀ. ಯಾಕೆಂದು ಹೇಳುತ್ತೇನೆ. ನಿನ್ನ ಉತ್ತರ ಬರುವ ತನಕ ಕಾಯಲು ನನಗೆ ಮುಖವೂ ಇಲ್ಲ, ವೇಳೆಯೂ ಇಲ್ಲ.

ಶಶಿಕಾಂತನನ್ನು ಕೇಳಲು ನಾನು ಒಂಬತ್ತು ದಿನ ತಡಮಾಡಿದೆ. ದಿನಾ ಬೆಳಿಗ್ಗೆ ಇವತ್ತು ಕೇಳುತ್ತೇನೆ ಎಂದು ಎದ್ದು, ಅವನ ಹೆಂಡತಿ ಮಾಡಿದ ಉಪ್ಪಿಟ್ಟು ತಿಂದು, ನಾಳೆ ಎಂದುಕೊಳ್ಳುತ್ತಿದ್ದೆ. ಇದನ್ನೂ ಬರೆದುಬಿಡಬೇಕು: ಅವನು ನನ್ನನ್ನು ಪ್ರೀತಿಯಿಂದ ಕರೆಸಿಕೊಂಡನೆಂದು ಊರೆಲ್ಲ ಡಂಗುರ ಹೊಡೆದೆನಲ್ಲ, ಅವನು ಅಂದದ್ದು ಬೇರೆ. ಕೈ ಬಿಟ್ಟು ಹೋಗದಂಥ ಒಬ್ಬ ಮನುಷ್ಯನನ್ನು ಗಟ್ಟಿ ಮಾಡಿ ಕೊಡಿರಿ ಮಾಮಾ, ನಿಮಗೆ ಅಮೆರಿಕ ತೋರಿಸುತ್ತೇನೆ, ಎಂದಿದ್ದ. ಅಮೀನಗಡದಲ್ಲಿ ಕರದಂಟು ಮಾಡುವವರು ಬಹಳ ಮಂದಿ. ಮಾತು ಮುರಿಯದವನು ಯಾರು ಎಂದು ಯೋಚಿಸಿ ನಿಮ್ಮ ಮನೆಯ ಬಾಗಿಲಿಗೆ ಬಂದವನು ನಾನು.

ಕೊನೆಗೆ ಒಂದು ರವಿವಾರ ಊಟಕ್ಕೆ ಕುಳಿತಾಗ ಕೇಳಿದೆ. ಶಶಿಕಾಂತ ಧ್ವನಿ ಏರಿಸಲಿಲ್ಲ. ಅವನು ಯಾವತ್ತೂ ಏರಿಸುವವನಲ್ಲ.

"ಮಾಮಾ, ಇಲ್ಲಿ ಎಲ್ಲಾರೂ ಹಿಂಗ ಬಿಸಿನೆಸ್ ಮಾಡೋದು. ಸ್ಪಾನ್ಸರ್ ಮಾಡಿದ್ದು ನಾನು, ರಿಸ್ಕ್ ನಂದು. ಉಳಿದ ಹುಡುಗ್ರು ಯಾವಾಗ ಓಡಿ ಹೋಗ್ತಾರೋ ಅಂತ ನಂಗೆ ಟೆನ್ಶನ್ ಇತ್ತು. ಈರಬಸಪ್ಪನ ಬಗ್ಗೆ ಒಂದಿನಾನೂ ಇರಲಿಲ್ಲ. ವೀಸಾ ಕಾಗದ, ಹರೀಬಹುದು. ಅವನ ಕೀಲಿ ನೀವು ಊರಾಗ ಹಾಕಿ ಬಂದೀರಿ."

ಹೊಗಳಿಕೆ ಎಂದು ಹೇಳಿದ. ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದ.

ಅಂಥ ಮಾತಿಗೆ ನಾನು ಕಟ್ಟೆಯ ಮೇಲೆ ಕುಳಿತು ಸಾವಿರ ಉತ್ತರ ಕೊಟ್ಟವನು. ಕೈ ತೊಳೆದುಕೊಂಡು ಎದ್ದು, ಹಿಡಿಸಿದ ವೀಳ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಷ್ಟೇ ಹೇಳಿದೆ. ಅವನು ನಕ್ಕ. ತೆಗೆದುಕೊಂಡರೆ ನೀವು ಊರಲ್ಲಿ ಯಾರು ಮಾಮಾ, ಎಂದ.

ಮರುದಿನ ಬೆಳಿಗ್ಗೆ ನನ್ನ ಚಹದ ಕಪ್ಪಿನ ಕೆಳಗೆ ಒಂದು ನೀಲಿ ಪುಸ್ತಕವಿತ್ತು. ಈರಬಸಪ್ಪನ ಪಾಸ್‌ಪೋರ್ಟು. ಸ್ವಪ್ನಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅದನ್ನು ಒಳಜೇಬಿಗೆ ಹಾಕಿಕೊಂಡೆ. ನನ್ನ ಚೀಲ ತೆಗೆದುಕೊಂಡು ಹೊರಟೆ.

ಇಲ್ಲಿ ಕೆನ್ಮೋರಿನಲ್ಲಿ ಅನಂತಪದ್ಮನಾಭ ಎಂಬ ಮೈಸೂರಿನವರ ಮನೆಯಲ್ಲಿದ್ದೇನೆ. ನಿವೃತ್ತ ಎಂಜಿನಿಯರರು. ಬೆಲ್‌ವ್ಯೂ ಬಸ್‌ಸ್ಟಾಪಿನಲ್ಲಿ ಪರಿಚಯವಾಗಿ ನನ್ನ ಬಡಾಯಿಯನ್ನೆಲ್ಲ ಕೇಳಿಸಿಕೊಂಡು ಮನೆಯ ವಿಳಾಸ ಬರೆದುಕೊಟ್ಟಿದ್ದರು. ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಕಥೆ ಕೇಳಿ, "ಬನ್ನಿ ವೀರಣ್ಣನೋರೆ, ಮೊದಲು ಕಾಫಿ ಕುಡೀರಿ, ಆಮೇಲೆ ನಾನೇ ಡ್ರೈವ್ ಮಾಡ್ತೀನಿ" ಎಂದರು. ಆ ವಕೀಲರ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿಯ ಹೆಣ್ಣುಮಗಳು ಎಲ್ಲ ಬರೆದುಕೊಂಡಳು. ಹೀಗೆ ದುಡಿಸಿಕೊಳ್ಳುವುದು ಇಲ್ಲಿಯ ಕಾಯಿದೆಗೆ ವಿರುದ್ಧ, ಅವನು ಹೆದರಬೇಕಾಗಿಲ್ಲ, ಆದರೆ ಅವನೇ ಬಂದು ಹೇಳಬೇಕು, ಎಂದಳು.

ಅವನು ಬರುವುದಿಲ್ಲ. ನಾನು ಹಿಂಬಾಗಿಲಿಗೆ ಮತ್ತೆ ಹೋದೆ, ಪಾಸ್‌ಪೋರ್ಟು ಕೈಯಲ್ಲಿಟ್ಟೆ, ವೀಳ್ಯ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದೆ. ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡ. ಆಮೇಲೆ, ಹಂಗ ಆಗಂಗಿಲ್ರಿ ಕಾಕಾ, ಐದು ಮಂದಿ ಮುಂದ ಹಿಡದದ್ದು ಐದು ಮಂದಿ ಮುಂದನ ಬಿಡಬೇಕು, ಎಂದ. ಸರಿಯಾಗಿಯೇ ಹೇಳಿದ. ಪದ್ಧತಿ ನನಗೂ ಗೊತ್ತು. ಹಿಡಿಸಿದವನೇ ಹಿಂದಕ್ಕೆ ತೆಗೆದುಕೊಂಡರೆ ಹಿಡಿದವನ ಮನೆಗೆ ದೋಷವಿಲ್ಲ. ದೋಷವೆಲ್ಲ ಹಿಡಿಸಿದವನಿಗೆ. ಅವನು ಮತ್ತೆ ಯಾವ ಕೆಲಸಕ್ಕೂ ನಡುವೆ ಕೂಡುವಂತಿಲ್ಲ.

ಆದ್ದರಿಂದ ಇದರ ಜೊತೆಗಿನ ಚೀಟಿಯನ್ನು ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ ಓದಿಸು. ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಕೊನೆಗೆ ನಾನೇ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದೆ. ಐದನೆಯದನ್ನು ಕಳಿಸಿದ್ದೇನೆ.

ವೀರಣ್ಣ

ಚೀಟಿ:

ಕಟ್ಟೆಯ ಹಿರಿಯರಿಗೆ. ಈರಬಸಪ್ಪನಿಗೆ ನಾನು ಹಿಡಿಸಿದ ವೀಳ್ಯವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವನ ಮಾತಿನಲ್ಲಿ ಕೊರತೆ ಇರಲಿಲ್ಲ. ಹೊಣೆ ನನ್ನದು ಎಂದಿದ್ದೆ, ನೋಡಿಕೊಳ್ಳಲಿಲ್ಲ. ನೋಡದೆಯೇ ನೋಡಿದೆನೆಂದು ಅವನ ಹೆಂಡತಿಗೆ ಬರೆದೆ. ಅಡಕೆ ಜಗಲಿಯಿಂದ ಇಳಿಯಲಿ. ನಾನು ನಡುವಿನಿಂದ ಎದ್ದಿದ್ದೇನೆ. ವೀರಣ್ಣ.


ಅಮೀನಗಡ
೨೩ ಜೂನ್ ೨೦೨೫

ಕಾಕನವರಿಗೆ ಶರಣು.

ಮೇ ತಿಂಗಳ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆಯಲು ಕುಳಿತರೆ ಸುಟ್ಟ ಕೈ ಕಣ್ಣ ಮುಂದೆ ಬರುತ್ತಿತ್ತು.

ಚೀಟಿ ಬಂದ ಸೋಮವಾರ ಹಿರಿಯರನ್ನು ಕೂಡಿಸಿದೆ. ಓದಲು ಯಾರೂ ಮುಂದೆ ಬರಲಿಲ್ಲ. ನಾನೇ ಓದಿದೆ. ಓದುವಾಗ ಮೊದಮೊದಲು ಒಬ್ಬಿಬ್ಬರು ನಕ್ಕರು, ಇದೂ ವೀರಣ್ಣನ ಒಂದು ಆಟ ಎಂದು. ನೋಡದೆಯೇ ನೋಡಿದೆನೆಂದು ಬರೆದೆ ಎಂಬಲ್ಲಿಗೆ ಬಂದಾಗ ಹತ್ತಿರ ಸರಿದು ಕುಳಿತರು. ತಿಪ್ಪಣ್ಣ ಮಾವ ಚೀಟಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. "ಅಕ್ಷರ ಅವಂದ. ಮಾತು ಅವಂದಲ್ಲ," ಎಂದರು. ನಿಮ್ಮ ಜಾಗದ ಚಾಪೆಯನ್ನು ಅವರೇ ಸುತ್ತಿ ಗುಡಿಯ ಮೂಲೆಯಲ್ಲಿಟ್ಟರು.

ಅಡಕೆಯನ್ನು ಜಗಲಿಯಿಂದ ಇಳಿಸಿ, ಅವರೆಲ್ಲರ ಮುಂದೆ ಅಡಕತ್ತಿನಲ್ಲಿ ಕತ್ತರಿಸಿದೆ. ವೈಶಾಲಿ ಅದನ್ನೆಲ್ಲ ಫೋನಿನಲ್ಲಿ ಹಿಡಿದು, ಲಕೋಟೆಯ ಹಿಂದೆ ನೀವು ಬರೆದಿದ್ದ ಅನಂತಪದ್ಮನಾಭ ಅವರ ನಂಬರಿಗೆ ಫೋನು ಹಚ್ಚಿ, ಆ ವ್ಯಾನ್ ಡ್ರೈವರರ ನಂಬರು ತರಿಸಿಕೊಂಡು, ಅವರಿಗೆ ಕಳಿಸಿದಳು. ಅವರು ಇವರಿಗೆ ತೋರಿಸಿದರಂತೆ. ಮರುದಿನ ಇವರು ಕಾರ್ಖಾನೆಗೆ ಹೋಗಲಿಲ್ಲ. ಇದು ನಿಮಗೆ ನನಗಿಂತ ಮೊದಲೇ ಗೊತ್ತಿರುತ್ತದೆ.

ಈಗ ಬೇರೆಯವರ ಫೋನಿನಿಂದ ದಿನಾ ಮಾತಾಡುತ್ತಾರೆ. ಕೈಗೆ ಡಾಕ್ಟರು ಪಟ್ಟಿ ಕಟ್ಟಿದ್ದಾರೆ ಎಂದರು. ಅತ್ತರು. ನಾನೂ ಅತ್ತೆ. ಬೈಯಲಿಲ್ಲ ಇನ್ನೂ.

ಬಾದಾಮಿಯವರು ಒಪ್ಪಿದ್ದಾರೆ. ವೈಶಾಲಿಯ ನಿಶ್ಚಯ ಶ್ರಾವಣ ಮುಗಿದ ಮೇಲೆ. ನಡುವೆ ಕೂಡಲು ತಿಪ್ಪಣ್ಣ ಮಾವನಿಗೆ ಹೇಳಿದ್ದೇವೆ.

ನೀವು ಊಟಕ್ಕೆ ಬರ್ರಿ.

ಗೌರಾದೇವಿ


ಕೆನ್ಮೋರ್
೧೩ ಜುಲೈ ೨೦೨೫

ಗೌರಾದೇವಿಗೆ,

ಊಟಕ್ಕೆ ಬರುತ್ತೇನೆ. ಕರೆದೆಯಲ್ಲ, ಅದೇ ಹೆಚ್ಚು.

ಈರಬಸಪ್ಪ ಇಲ್ಲೇ, ಇದೇ ಮನೆಯ ಕೆಳಗಿನ ಕೋಣೆಯಲ್ಲಿ ನನ್ನ ಜೊತೆ ಇದ್ದಾನೆ. ಹಗಲು ನಿದ್ದೆ ಮಾಡುತ್ತಾನೆ. ಬೆಳಕು ಹರಿಯುವ ಮೊದಲು ಎಚ್ಚರಾಗಿ ವ್ಯಾನು ಬಂತೇ ಎಂದು ಕೇಳುತ್ತಾನೆ, ಬರಲಿಲ್ಲ ಮಲಗು ಎನ್ನುತ್ತೇನೆ. ಉಳಿದ ಮೂವರೂ ವಕೀಲರ ಆಫೀಸಿಗೆ ಬಂದಿದ್ದಾರೆ. ನನ್ನನ್ನೂ ಕರೆಸಿದ್ದರು. ಶಶಿಕಾಂತ ಊಟಕ್ಕೆ ಕುಳಿತು ಅಂದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ ರುಜು ಹಾಕಿದೆ. ನನ್ನ ಅಕ್ಕ ಧಾರವಾಡದಿಂದ ಫೋನು ಮಾಡಿ, ಇನ್ನು ನಿನಗೆ ಅಕ್ಕ ಇಲ್ಲ ಎಂದಳು. ಅವಳ ತಪ್ಪೇನೂ ಇಲ್ಲ.

ಈರಬಸಪ್ಪ ಯಾವಾಗ ಊರಿಗೆ ಬರುತ್ತಾನೆ ಎಂದು ಕೇಳುತ್ತೀ. ಕೇಸು ನಡೆದಿದೆ, ಅದು ಮುಗಿಯುವ ತನಕ ಇಲ್ಲಿರಲು ಅನುಮತಿ ಸಿಗಬಹುದು ಎನ್ನುತ್ತಾರೆ, ನಿಶ್ಚಯಕ್ಕೆ ಬರಲು ಆಗುತ್ತದೋ ಇಲ್ಲವೋ ಅವರಿಗೂ ತಿಳಿಯದು. ಮೊದಲಾಗಿದ್ದರೆ ನಾನು ಒಂದು ತಾರೀಖು ಬರೆದು ಕಳಿಸುತ್ತಿದ್ದೆ.

ನಿನ್ನೆ ಅವನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಸಿಯಾಟಲ್ ಕಡೆ ಹೋದೆ. ತೇಲುವ ಸೇತುವೆಯ ಮೇಲೆ ಬಸ್ಸು ಬಂದಾಗ ಒಳಗಿದ್ದವರೆಲ್ಲ ಕತ್ತು ತಿರುಗಿಸಿದರು. ನಾನೂ ತಿರುಗಿಸಿದೆ. ಪರ್ವತ ನಿಂತಿತ್ತು. ಬದುವಿನಾಚೆ ಇದ್ದಂತೆ ಏನೂ ಇರಲಿಲ್ಲ. ಬುಡವೇ ಇಲ್ಲದೆ, ಬಿಳಿಯ ಅರ್ಧ ಮಾತ್ರ ಆಕಾಶದಲ್ಲಿ ಇಟ್ಟ ಹಾಗಿತ್ತು. ಈರಬಸಪ್ಪ ಸೇತುವೆ ಮುಗಿಯುವ ತನಕ ನೋಡಿದ. ನಾನು ಅರ್ಧ ಪರ್ವತ ನೋಡಿದೆ, ಅರ್ಧ ಅವನನ್ನು.

ಇದನ್ನು ನಾನು ಬರೆದರೆ ನೀನು ನಂಬಬೇಕಾಗಿಲ್ಲ. ಆದ್ದರಿಂದ ಕೆಳಗೆ ಒಂದು ಸಾಲು ಸಾಕ್ಷಿ ಬರೆದುಕೊಡು ಎಂದು ಅವನಿಗೆ ಕಾಗದ ಕೊಡುತ್ತಿದ್ದೇನೆ. ಏನು ಬರೆಯುತ್ತಾನೋ ಓದದೆಯೇ ಅಂಟಿಸುತ್ತೇನೆ.

ವೀರಣ್ಣ

ಗುಡ್ಡಾ ಕಂಡೈತಿ, ಖರೆ ಐತಿ. ಕೈ ಇನ್ನೂ ಸರಿಯಾಗಿ ಮಡಚಾಕ ಬರವಲ್ದು, ಅದಕ ಅಕ್ಷರ ಹಿಂಗ. ಯಾಕಲೇ ಗೌರಿ, ಎಮ್ಮಿ ಈದೈತಿ ಅಂತ ಡೌಲಿನಿಂದ ಹೇಳಿದಿ, ಈದ ಮ್ಯಾಲ ಹತ್ತಿಕಾಳು ತಿನಿಸೀದಿ ಏನ್ ಇಲ್ಲೋ ಅಂತ ಹೇಳಲೇ ಇಲ್ಲ. ಮಾರ್ಚದಿಂದ ಕೇಳಬೇಕಂತ ಹೊಟ್ಯಾಗ ಇಟ್ಕೊಂಡು ಕುಂತೀನಿ. ಮಾಳಗಿ ಸೋರತಿದ್ರ ಮ್ಯಾಲ ಮಣ್ಣು ಹಾಕಸಬೇಕು, ಕೆಳಗ ಬೋಗಾಣಿ ಇಡೋದಲ್ಲ. ಆ ಎಮ್ಮಿಗೆ ಇರೋ ಬುದ್ಧಿ ನಿನಗಿದ್ರ ನಾ ಯಾವಾಗೋ ಉದ್ಧಾರ ಆಗತಿದ್ದೆ. ಕರಾ ಹಾಲು ಕುಡೀತೈತಿ ಇಲ್ಲೋ, ಬರಿ.